ಕೊನೆಯ ಕಾಲು ಗಂಟೆ

ಜೂನ್ ೩

ಅಕ್ಕಾ,

ಇಲ್ಲಿಗೆ ಬಂದು ಹದಿನೈದು ದಿನವಾಯಿತು. ಕೋಣೆ ಸಿಕ್ಕಿದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಬಾಗಿಲು ತೆರೆದರೆ ಮನೆಯೊಡತಿಯ ಮುಖ. ಎರಡೂ ಒಂದೇ ಸಲ ಸುಣ್ಣ ಕಂಡಂತಿವೆ.

ಕೆಲಸ ಅಚ್ಚುಕೂಟದ ಬೈಂಡಿಂಗ್ ವಿಭಾಗದಲ್ಲಿ. ಒಂದೇ ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚಾಗಿ ಬರುತ್ತವೆ, ನಾವು ಮಡಿಸಬೇಕು. ಮಡಿಸುವ ಮುಂಚೆ ನೋಡಿದರೆ ಒಂದನೆಯ ಪುಟದ ಮಗ್ಗುಲಲ್ಲೇ ಹದಿನಾರನೆಯದು ಇರುತ್ತದೆ. ಹಾಗಾಗಿ ನಾನು ಏನು ಓದಿದರೂ ಮೊದಲಿನ ಜೊತೆಗೇ ಕೊನೆಯನ್ನೂ ಓದಿಬಿಡುತ್ತೇನೆ. ಈವರೆಗೆ ಮೂರು ಕಿರುಹೊತ್ತಗೆ ಮುಗಿಸಿದ್ದೇನೆ. ಒಂದು, ನೆಲ ಯಾರದು ಎಂಬುದರ ಬಗ್ಗೆ. ಇನ್ನೊಂದು, ಎಂಟು ಗಂಟೆಯ ದುಡಿಮೆಯ ಬಗ್ಗೆ. ಮತ್ತೊಂದು, ಹಲ್ಲುಜ್ಜುವ ಸರಿಯಾದ ಕ್ರಮದ ಬಗ್ಗೆ. ಮೂರೂ ನನ್ನ ಕಣ್ಣು ತೆರೆಸಿವೆ.

ಈಗ ನಮ್ಮಿಬ್ಬರ ವಿಷಯ. ನೀನು ಬ್ಯಾಟರಿ ಹಿಡಿದು ಕತ್ತಲೆಯಲ್ಲಿ ಜನರಿಗೆ ಸೀಟು ತೋರಿಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಹನ್ನೊಂದು ವರ್ಷದಲ್ಲಿ ಒಂದು ಸಿನಿಮಾದ ಕೊನೆಯನ್ನೂ ನೋಡಿಲ್ಲ. ಕೊನೆಯ ಕಾಲು ಗಂಟೆ ಹೊರಗೆ ಕಬ್ಬಿಣದ ಗೇಟಿನ ಹತ್ತಿರ ನಿಂತು, ಮುಂದಿನ ಆಟದವರು ನುಗ್ಗದಂತೆ ತಡೆಯಬೇಕು. ರಜೆಯ ದಿನವೋ, ಥಿಯೇಟರಿರುವ ದಿಕ್ಕಿಗೆ ತಲೆಹಾಕಿಯೂ ಮಲಗುವುದಿಲ್ಲ ನೀನು. ಇಷ್ಟು ದಿನ ನಾನು ಒಳಗೆ ಕೂತು ನೋಡಿ, ಓಡಿ ಬಂದು, ಸರಳಿನ ಸಂದಿಯಿಂದ ಕೊನೆ ಹೇಳುತ್ತಿದ್ದೆ. ಇನ್ನು ಕಾಗದದಲ್ಲಿ. ಹೊಸ ಸಿನಿಮಾ ಇಲ್ಲಿಗೆ ಬಂದ ಮೂರು ವಾರದ ಮೇಲೆ ನಿಮ್ಮಲ್ಲಿಗೆ ಬರುತ್ತದೆ, ಅಷ್ಟರಲ್ಲಿ ನನ್ನ ಕಾಗದ ಬಂದಿರುತ್ತದೆ.

ಈ ವಾರ ನೋಡಿದ್ದು ಪೊಲೀಸ್ ಸಿನಿಮಾ. ಕೊನೆಯಲ್ಲಿ ಇನ್‌ಸ್ಪೆಕ್ಟರ್ ಒಬ್ಬನೇ ಮಹಡಿಯ ಮೇಲೆ ನಲವತ್ತು ಜನರನ್ನು ಹೊಡೆಯುತ್ತಾನೆ. ಅಂಗಿಯ ಇಸ್ತ್ರಿ ಕೆಡುವುದಿಲ್ಲ. ಆಮೇಲೆ ಬಿದ್ದವರ ನಡುವೆ ನಿಂತು, ಕಾನೂನು ಎಲ್ಲರಿಗಿಂತ ದೊಡ್ಡದು ಎಂದು ಭಾಷಣ ಮಾಡುತ್ತಾನೆ. ಆ ನಲವತ್ತು ಜನರಿಗೆ ಮನೆಮಠವಿಲ್ಲವೇ? ಅವರೂ ದಿನಗೂಲಿಗೆ ಒದೆ ತಿನ್ನಲು ಬಂದವರಲ್ಲವೇ? ಜನ ಶಿಳ್ಳೆ ಹೊಡೆದರು. ನಾನು ಎದ್ದು ನಿಂತು "ನಾಚಿಕೆಗೇಡು" ಎಂದೆ. ಹಿಂದಿನವರು "ಕೂತ್ಕೊಳ್ಳಮ್ಮ, ಕಾಣಿಸ್ತಿಲ್ಲ" ಎಂದರು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ. ಸಿನಿಮಾ ಜನರಿಗೆ ಸುಳ್ಳು ಹೇಳಬಹುದು, ನಾನು ನಿನಗೆ ಹೇಳುವುದಿಲ್ಲ.

ಸತ್ಯದ ಪಕ್ಷದಿಂದ,
ನಿನ್ನ ತಂಗಿ

ಜೂನ್ ೨೬

ನನ್ನ ಪಟಾಕೀ,

ಕಾಗದ ಬಂತು. ಅಮ್ಮನಿಗೆ ಓದಿ ಹೇಳಿದೆ. ಹಲ್ಲಿನ ಪುಸ್ತಕದ ವಿಷಯವನ್ನು ಮಾತ್ರ ಮೆಚ್ಚಿಕೊಂಡಳು.

ಪೊಲೀಸ್ ಸಿನಿಮಾ ಬಂದಿದೆ. ನಾವು ನಾಲ್ಕು ಜನ ಬ್ಯಾಟರಿಯವರಲ್ಲಿ ಹಿರಿಯಳು ಬಾಲ್ಕನಿ ದೊಡ್ಡಮ್ಮ, ನಿನಗೆ ಗೊತ್ತಲ್ಲ, ಮಹಡಿ ಬಾಗಿಲು ನೋಡಿಕೊಳ್ಳುವವಳು. ನಿನ್ನ ಕೊನೆ ಹೇಳಿದೆ. "ನಲವತ್ತೇ ಜನಾನಾ? ಗುದ್ದಿನ ಸದ್ದು ಕೇಳಿ ನಾನು ಊರಿಗೆ ಊರೇ ಅಂದ್ಕೊಂಡಿದ್ದೆ" ಎಂದಳು.

ಒಂದು ಮಾತು ಹೇಳಲಾ? ನೀನು ಬೈಯದ ಸಿನಿಮಾ ಯಾವುದಿದೆ? ಹೋದ ವರ್ಷ ನಾಯಿಮರಿ ಮನೆಗೆ ವಾಪಸ್ಸು ಬರುವ ಸಿನಿಮಾವನ್ನೂ ಬೈದೆ, ನಾಯಿಗೆ ಸ್ವಂತ ಬುದ್ಧಿ ಇಲ್ಲ ಅಂತ. ಮಧ್ಯಂತರದಲ್ಲಿ ಜನ ನನ್ನ ಹತ್ತಿರ ಬಂದು "ಕೊನೆ ಹೇಗಿದೆ ಬ್ಯಾಟರಿ ಅಕ್ಕಾ?" ಎಂದು ಕೇಳುತ್ತಾರೆ. ಕೆಟ್ಟದಾಗಿದೆ ಎಂದು ಹೇಳಿ ಹೇಳಿ ನನ್ನ ಮುಖವೇ ಹಾಗಾಗಿ ಹೋಗಿದೆ.

ಉಳಿದಂತೆ ಎಲ್ಲ ಮಾಮೂಲು. ಮೂರು ಆಟ, ಒಂಬತ್ತು ಗಂಟೆ, ಎರಡು ಕಾಲು. ದೊಡ್ಡಮ್ಮನ ಪಾದ ಸಂಜೆಯ ಹೊತ್ತಿಗೆ ಊದಿ ಚಪ್ಪಲಿಯಲ್ಲಿ ಹಿಡಿಸುವುದಿಲ್ಲ, ಬರಿಗಾಲಲ್ಲಿ ಮೆಟ್ಟಿಲು ಇಳಿಯುತ್ತಾಳೆ. ಜನ ಎಲ್ಲ ಕೂತ ಮೇಲಾದರೂ ನಾವು ಕೂರಲು ನಾಲ್ಕು ಸ್ಟೂಲು ಕೊಡಿಸಿ ಎಂದು ಮ್ಯಾನೇಜರನ್ನು ಕೇಳಿದೆ. "ಕೂತವರು ನಿದ್ದೆ ಮಾಡ್ತಾರಮ್ಮ" ಎಂದರು. ಅವರು ಕೂತೇ ಹೇಳಿದ್ದು. ನಾನು "ಹೂಂ ಸಾರ್" ಎಂದು ಬಂದುಬಿಟ್ಟೆ. ಎರಡನೆಯ ಸಲ ಕೇಳುವ ಎದೆ ನನಗಿಲ್ಲ, ನಿನಗೇ ಗೊತ್ತು. ನಮ್ಮ ಮನೆಯ ಬಾಯೆಲ್ಲ ನಿನ್ನ ಪಾಲಿಗೇ ಹೋಯಿತು.

ಒಂದೇ ಒಂದು ಒಳ್ಳೆಯ ಕೊನೆ ಬರೆದು ಕಳಿಸು ತಾಯೀ. ಅಕ್ಕ ಬೇಡುತ್ತಿದ್ದಾಳೆ ಎಂದೇ ಇಟ್ಟುಕೋ.

ನಿಂತುಕೊಂಡೇ ಬರೆದ,
ಅಕ್ಕ

ಜುಲೈ ೪

ಅಕ್ಕಾ,

ಒಳ್ಳೆಯ ಕೊನೆ ಬೇಕೆಂದೆಯಲ್ಲ, ತೆಗೆದುಕೋ.

ಬಸ್ಸು ಓಡಿಸುವ ಹುಡುಗಿಯ ಸಿನಿಮಾ ಬಂದಿದೆ. ಎರಡೂಕಾಲು ಗಂಟೆ ಆ ಶ್ರೀಮಂತ ಹುಡುಗ ಅವಳ ಬಸ್ಸಿನ ಹಿಂದೆ ಕಾರಿನಲ್ಲಿ ಹಾಡುತ್ತಾ ಬರುತ್ತಾನೆ. ಹಾರ್ನ್ ಹೊಡೆಯುವುದು ಬಿಟ್ಟು ಹಾಡುವ ಇವನಿಗೆ ಲೈಸೆನ್ಸ್ ಕೊಟ್ಟವರು ಯಾರು ಎಂಬುದು ನನ್ನ ಮೊದಲ ಆಕ್ಷೇಪ. ಆದರೆ ಕೊನೆ ಕೇಳು. ಮದುವೆಯಾದ ಮೇಲೆ ನೀನು ಸ್ಟಿಯರಿಂಗ್ ಮುಟ್ಟಬಾರದು ಎಂದು ಅವನು ಹೇಳುತ್ತಾನೆ. ಅವಳು ಎಂಜಿನ್ ಶುರು ಮಾಡಿ, ತಲೆ ಹೊರಗೆ ಹಾಕಿ, "ಹಿಂದಿನ ಬಾಗಿಲಿಂದ ಹತ್ತಿ, ಟಿಕೆಟ್ ತಗೊಂಡು ಕೂತ್ಕೊಳ್ಳಿ" ಎನ್ನುತ್ತಾಳೆ. ಅವನು ಹತ್ತುತ್ತಾನೆ. ಸೀಟಿಲ್ಲ. ಕಂಬಿ ಹಿಡಿದು ನಿಲ್ಲುತ್ತಾನೆ. ಬಸ್ಸು ಹೊರಡುತ್ತದೆ. ಅಷ್ಟೇ.

ನಂಬಿದರೆ ನಂಬು. ನನಗೂ ನಂಬಲಾಗಲಿಲ್ಲ.

ಈ ಸಲ ಬೈಯದ,
ತಂಗಿ

ಜುಲೈ ೨೯

ಪಟಾಕೀ,

ಎಂಥ ಕೊನೆ ಕಣೇ! ದೊಡ್ಡಮ್ಮ ನನ್ನಿಂದ ನಾಲ್ಕು ಸಲ ಹೇಳಿಸಿಕೊಂಡಳು. ನಮ್ಮ ನಾಲ್ವರಲ್ಲಿ ಎಡಬಾಗಿಲು ನೋಡಿಕೊಳ್ಳುವವಳು ಗಂಡನಿಗೆ ಕಾಫಿ ಕೊಡುವಾಗ "ಹಿಂದಿನ ಬಾಗಿಲಿಂದ ಬನ್ನಿ" ಎಂದಳಂತೆ. ಪಾಪ, ಆತ ನಿಜವಾಗಿಯೂ ಹಿತ್ತಲು ಬಳಸಿಕೊಂಡು ಬಂದನಂತೆ. ಮಧ್ಯಂತರದಲ್ಲಿ ಯಾರೇ ಕೇಳಲಿ, "ಕೊನೆ ನೋಡದೆ ಏಳಬೇಡಿ" ಎನ್ನುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಈ ಸಿನಿಮಾ ನಾನೇ ತೆಗೆದೆ ಎನ್ನುವ ಹಾಗೆ ಗೇಟಿನ ಹತ್ತಿರ ನಿಲ್ಲುತ್ತೇನೆ.

ಒಂದು ಅರ್ಥವಾಗಲಿಲ್ಲ. ನಿನ್ನೆ ಆಟ ಬಿಟ್ಟಾಗ ಇಬ್ಬರು ಹುಡುಗಿಯರು "ಛೆ, ಕೀಲಿ ಕೊಡಬಾರದಿತ್ತು ಅವಳು" ಎಂದು ಮೂಗು ಒರೆಸಿಕೊಳ್ಳುತ್ತಾ ಹೋದರು. ಯಾವ ಕೀಲಿ? ನಿನ್ನ ಕಾಗದದಲ್ಲಿ ಕೀಲಿಯೇ ಇಲ್ಲವಲ್ಲ.

ಮುಂದಿನ ತಿಂಗಳು ಗಿರಣಿ ಸಿನಿಮಾ ಎಂದು ಪೋಸ್ಟರ್ ಅಂಟಿಸಿದ್ದಾರೆ. ಒಬ್ಬಳು ಹೆಂಗಸು ಮಗ್ಗದ ಪಕ್ಕ ನಿಂತಿದ್ದಾಳೆ. ನಮ್ಮ ಹಾಗೇ ಕಾಲು ಬದಲಾಯಿಸಿ ನಿಂತಿದ್ದಾಳೆ ನೋಡು, ಎಂದು ದೊಡ್ಡಮ್ಮ ತೋರಿಸಿದಳು. ಅದರ ಕೊನೆಗೆ ನಾವು ನಾಲ್ವರೂ ಕಾಯುತ್ತಿದ್ದೇವೆ.

ಖುಷಿಯಲ್ಲಿರುವ,
ಅಕ್ಕ

ಆಗಸ್ಟ್ ೬

ಅಕ್ಕಾ,

ಕೀಲಿಯ ವಿಷಯ ಸಣ್ಣದು, ಬರೆಯಲು ಮರೆತಿದ್ದೆ.

ಗಿರಣಿ ಸಿನಿಮಾ ನೋಡಿದೆ. ಮುನ್ನೂರು ಹೆಂಗಸರು ಹಗಲಿಡೀ ನಿಂತು ನೇಯುತ್ತಾರೆ. ಕೂರಲು ಒಂದು ಬೆಂಚಿಲ್ಲ. ನಾಯಕಿಯ ತಾಯಿ ಹೀಗೇ ನಿಂತು ನಿಂತು ಒಂದು ದಿನ ಯಂತ್ರದ ಪಕ್ಕದಲ್ಲೇ ಕುಸಿಯುತ್ತಾಳೆ. ಯಜಮಾನ ಕೆಟ್ಟವನೇನಲ್ಲ, ಕೊಡೆ ಹಿಡಿದವನಿಗೆ ಬಿಸಿಲು ಗೊತ್ತಾಗುವುದಿಲ್ಲ, ಅಷ್ಟೇ. ಇಲ್ಲಿಯವರೆಗೆ ನೀನೇ ನೋಡುತ್ತೀಯ.

ಕೊನೆ ಹೀಗಿದೆ. ಒಂದು ಬೆಳಿಗ್ಗೆ ನಾಯಕಿ ಮಗ್ಗ ನಿಲ್ಲಿಸಿ ನೆಲದ ಮೇಲೆ ಕೂರುತ್ತಾಳೆ. ಕೂಗಾಟವಿಲ್ಲ, ಕಲ್ಲಿಲ್ಲ. ಪಕ್ಕದವಳು ಕೂರುತ್ತಾಳೆ, ಅವಳ ಪಕ್ಕದವಳು ಕೂರುತ್ತಾಳೆ. ಒಂದೊಂದೇ ಯಂತ್ರ ನಿಲ್ಲುತ್ತಾ ಬಂದು, ಗಿರಣಿಯಲ್ಲಿ ಮೊದಲ ಸಲ ಗುಬ್ಬಿಯ ದನಿ ಕೇಳಿಸುತ್ತದೆ. ಯಜಮಾನ ಓಡಿ ಬರುತ್ತಾನೆ. "ಬೆಂಚು ಬಂದ್ರೆ ಏಳ್ತೀವಿ" ಎನ್ನುತ್ತಾಳೆ. "ಬೆಂಚು ಬಂದ್ರೆ ಮತ್ತೆ ಕೂರ್ತೀರಲ್ಲಮ್ಮ, ಏಳೋದೆಲ್ಲಿ?" ಎನ್ನುತ್ತಾನೆ. ಮುನ್ನೂರು ಜನ ನಗುತ್ತಾರೆ. ಅವನಿಗೂ ನಗು ಬರುತ್ತದೆ. ಕೊನೆಗೆ ಮೊದಲ ಬೆಂಚಿನ ಒಂದು ತುದಿಯನ್ನು ಅವನೇ ಹಿಡಿದು ತರುತ್ತಾನೆ.

ಎರಡು ಸಲ ಹರಿದು ಹಾಕಿ ಮತ್ತೆ ಬರೆದ ಕಾಗದ ಇದು.

ನಿನ್ನ,
ತಂಗಿ

ಆಗಸ್ಟ್ ೨೬

ಪಟಾಕೀ,

ಚಿಕ್ಕ ಕಾಗದ. ಗಿರಣಿ ಸಿನಿಮಾ ಬಂದು ನಾಲ್ಕು ದಿನವಾಯಿತು. ನಿನ್ನ ಕಾಗದವನ್ನು ದೊಡ್ಡಮ್ಮ ರವಿಕೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾಳೆ. ನಾವು ಮಾತಾಡಿಕೊಂಡಿದ್ದೇವೆ. ಬರುವ ಶುಕ್ರವಾರ, ಮಧ್ಯಾಹ್ನದ ಆಟ ಬಿಟ್ಟ ಮೇಲೆ, ನಾಲ್ವರೂ ಮೆಟ್ಟಿಲ ಮೇಲೆ ಕೂರುತ್ತೇವೆ. ಮ್ಯಾನೇಜರೂ ಆ ಸಿನಿಮಾ ನೋಡಿದ್ದಾರಲ್ಲ, ಅರ್ಥ ಮಾಡಿಕೊಳ್ಳುತ್ತಾರೆ.

ಹೆದರಿಕೆಯಾಗುತ್ತಿದೆ. ಆದರೆ ಆ ಸಿನಿಮಾದ ಹೆಂಗಸಿಗೂ ಆಗಿರುತ್ತದೆ.

ನಿನ್ನ,
ಅಕ್ಕ

ಆಗಸ್ಟ್ ೨೮

ಅಕ್ಕಾ,

ಈ ಕಾಗದ ಶುಕ್ರವಾರದೊಳಗೆ ಸಿಗಲಿ. ಫೋನು ಮಾಡೋಣವೆಂದರೆ ಥಿಯೇಟರಿನಲ್ಲಿರುವ ಒಂದೇ ಫೋನು ಮ್ಯಾನೇಜರ ಮೇಜಿನ ಮೇಲಿದೆ.

ಗಿರಣಿ ಸಿನಿಮಾದ ಕೊನೆ ಹಾಗಿಲ್ಲ. ಯಾರೂ ಕೂರುವುದಿಲ್ಲ. ಯಜಮಾನನಿಗೆ ಅಪಘಾತವಾಗುತ್ತದೆ, ನಾಯಕಿ ಅವನಿಗೆ ರಕ್ತ ಕೊಡುತ್ತಾಳೆ, ಅವನು ಕಣ್ಣು ಬಿಟ್ಟು "ಮಗಳೇ" ಎನ್ನುತ್ತಾನೆ. ಮರುದಿನ ಎಲ್ಲರೂ ಹಾಡುತ್ತಾ ಮಗ್ಗಕ್ಕೆ ಹೋಗುತ್ತಾರೆ. ನಿಂತುಕೊಂಡೇ. ಬಸ್ಸಿನ ಹುಡುಗಿಯೂ ಟಿಕೆಟ್ ಕೇಳುವುದಿಲ್ಲ, ಅವನ ಕೈಗೆ ಕೀಲಿ ಕೊಟ್ಟು ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಎರಡೂ ಕೊನೆ ನಾನು ಕಟ್ಟಿದ್ದು.

ನೀನು ಒಳ್ಳೆಯದು ಬರೆ ಎಂದೆ. ಬರೆಯಲು ಒಳ್ಳೆಯದೇನೂ ಇರಲಿಲ್ಲ. ಸಿನಿಮಾದವರು ಸುಳ್ಳು ಹೇಳಿದ ಮೇಲೆ ನಾನು ಅದನ್ನು ತಿದ್ದಿದರೆ ತಪ್ಪೇನು ಎಂದುಕೊಂಡೆ. ಗುಬ್ಬಿಯ ದನಿಯವರೆಗೂ ಕಟ್ಟುತ್ತಾ ಹೋದೆ.

ಕೂರಬೇಡ ಎಂದು ಹೇಳುವ ಬಾಯಿ ನನಗಿಲ್ಲ. ಕೂರು ಎಂದು ಹೇಳುವ ಹಕ್ಕೂ ಉಳಿದಿಲ್ಲ. ಗೊತ್ತಿದ್ದು ತೀರ್ಮಾನ ಮಾಡಿ, ಅಷ್ಟೇ. ದೊಡ್ಡಮ್ಮನಿಗೆ ಹೇಳು.

ತಂಗಿ

ಸೆಪ್ಟೆಂಬರ್ ೧೨

ಅಕ್ಕಾ,

ಎರಡು ವಾರವಾಯಿತು. ಕೆಲಸ ಹೋಯಿತೇ? ಬೈಯುವುದಿದ್ದರೆ ಬೈದು ಬರೆ. ನನ್ನ ಕೈ ಕೆಲಸದಲ್ಲಿಲ್ಲ, ನಿನ್ನೆ ನೂರು ಹಾಳೆ ತಲೆಕೆಳಗಾಗಿ ಮಡಿಸಿದೆ. ಮೇಸ್ತ್ರಿ "ನಿನ್ನ ಕ್ರಾಂತಿ ಒಂಬತ್ತನೇ ಪುಟದಿಂದ ಶುರುವಾಗುತ್ತಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ ಎಂದರೆ ಎಷ್ಟು ಕೆಟ್ಟಿದ್ದೇನೆ ಎಂದು ಲೆಕ್ಕ ಹಾಕು.

ತಂಗಿ

ಸೆಪ್ಟೆಂಬರ್ ೨೦

ಪಟಾಕಿ,

ನಿನ್ನ ಕಾಗದ ಸಿಕ್ಕಿದ್ದು ಶನಿವಾರ. ನಾವು ಕೂತದ್ದು ಶುಕ್ರವಾರ.

ಮಧ್ಯಾಹ್ನದ ಆಟ ಬಿಟ್ಟಿತು. ನಾಲ್ವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತೆವು. ಬ್ಯಾಟರಿ ತೊಡೆಯ ಮೇಲೆ. ಸಿನಿಮಾ ಮುಗಿಸಿ ಹೊರಬರುವವರು ಒಂದು ಕಡೆ, ಒಳಹೋಗಲು ಕಾದವರು ಒಂದು ಕಡೆ. ಮ್ಯಾನೇಜರು ಬಂದರು.

"ಏನಮ್ಮಾ, ಮೀಟಿಂಗಾ?"

"ಸ್ಟೂಲು ಬಂದ್ರೆ ಏಳ್ತೀವಿ ಸಾರ್" ಎಂದೆ. ದನಿ ನನ್ನದೇ.

"ಇದೆಲ್ಲಾ ಎಲ್ಲಿ ಕಲಿತ್ರಿ?"

"ನೀವು ಹಾಕಿರೋ ಸಿನಿಮಾದಲ್ಲೇ ಸಾರ್. ಕೊನೇಲಿ ಗಿರಣಿ ಹೆಂಗಸರು ಕೂರಲ್ವಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾವ ಸಿನಿಮಾದಲ್ಲಮ್ಮಾ? ಅವಳು ಯಜಮಾನನಿಗೆ ರಕ್ತ ಕೊಡ್ತಾಳೆ! ನಾನೂ ಹೋಗಿ ಆಸ್ಪತ್ರೆ ಸೇರ್ಕೊಳ್ಲಾ?" ಆಗಷ್ಟೇ ನೋಡಿ ಬಂದ ಮುನ್ನೂರು ಜನ ಅವರ ಜೊತೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಾನು ಏಳಲು ಹೊರಟೆ ಕಣೇ, ನಿಜ ಹೇಳುತ್ತೇನೆ. ಅರ್ಧ ಎದ್ದಿದ್ದೆ.

ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಕೂರಿಸಿದಳು. "ಕೂತ್ಕೋ. ಸಿನಿಮಾದಲ್ಲಿ ಇಲ್ದಿದ್ರೆ ಏನಂತೆ, ನನ್ನ ಕಾಲಲ್ಲಿ ಇದ್ಯಲ್ಲ ನೋವು." ಆಮೇಲೆ ಮ್ಯಾನೇಜರ ಕಡೆ ತಿರುಗಿದಳು. "ನಿಮ್ಮ ಕುರ್ಚಿ ಯಾವ ಸಿನಿಮಾದಲ್ಲಿ ನೋಡಿ ತಂದಿದ್ದು ಸಾರ್?"

ಅದೇ ಮುನ್ನೂರು ಜನ ಈಗ ಈ ಕಡೆಗೆ ನಕ್ಕರು.

ಸಂಜೆಯ ಆಟ ಶುರು ಮಾಡಲೇಬೇಕಿತ್ತು. ಮ್ಯಾನೇಜರು ತಾವೇ ಒಂದು ಬ್ಯಾಟರಿ ತೆಗೆದುಕೊಂಡು ಒಳಗೆ ಹೋದರು. ಒಂದೇ ಸಾಲನ್ನು ಮೂರು ಕುಟುಂಬಕ್ಕೆ ತೋರಿಸಿದರಂತೆ. ಯಾರೋ ದೊಡ್ಡ ಮನುಷ್ಯರು ಕತ್ತಲಲ್ಲಿ ಇನ್ಯಾರದೋ ಅತ್ತೆಯ ತೊಡೆಯ ಮೇಲೆ ಕೂತರಂತೆ. ಒಳಗಿನ ಗಲಾಟೆ ನಮಗೆ ಮೆಟ್ಟಿಲ ತನಕ ಕೇಳುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಮ್ಯಾನೇಜರು ಹೊರಬಂದು, ಮಂಡಿ ಉಜ್ಜಿಕೊಳ್ಳುತ್ತಾ ನಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತರು. "ನಾಳೆ ತರಿಸ್ತೀನಿ" ಎಂದರು. "ಹಾಗಾದ್ರೆ ನಾಳೆ ಏಳ್ತೀವಿ" ಎಂದಳು ಎಡಬಾಗಿಲಿನವಳು. ಆವತ್ತೇ ಬಂತು.

ಇದು ಸಂತೋಷದ ಮಾತಾಯಿತು. ಈಗ ಇನ್ನೊಂದು.

ಮೊದಲ ವಾರ ನಿನ್ನ ಮೇಲೆ ಸಿಟ್ಟಿತ್ತು. ಎರಡನೆಯ ವಾರ ಇನ್ನೂ ಹೆಚ್ಚಿತು. ಮೂರನೆಯ ವಾರ ಬರೆಯಲು ಪುರುಸೊತ್ತಿರಲಿಲ್ಲ, ಸ್ಟೂಲಿನ ಮೇಲೆ ಕೂತಿದ್ದೆ. ದೊಡ್ಡಮ್ಮನ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅವಳು ನನ್ನ ಮಾತು ನಂಬಿ ಕೂತಳು, ನಾನು ನಿನ್ನ ಮಾತು ನಂಬಿ ಕೂತೆ. ನೀನು ನಮ್ಮಲ್ಲಿ ಯಾರನ್ನು ನಂಬಿದೆ? ಇದ್ದದ್ದನ್ನು ಹೇಳಿದರೆ ಇವರು ಏನೂ ಮಾಡುವುದಿಲ್ಲ ಎಂದುಕೊಂಡೆಯಲ್ಲ, ನನ್ನ ಸಿಟ್ಟು ಅದಕ್ಕೆ. ಸ್ಟೂಲು ಬಂದದ್ದು ನಿನ್ನ ಸುಳ್ಳಿನಿಂದಲ್ಲ. ಸುಳ್ಳು ಬಯಲಾದ ಮೇಲೂ ದೊಡ್ಡಮ್ಮ ಏಳಲಿಲ್ಲ, ಅದರಿಂದ.

ಇನ್ನೊಂದು ವಿಷಯ ಹೇಳಿದರೆ ನೀನು ನಗಬಾರದು. ಹೋದ ವಾರ ರಜೆಯ ದಿನ ನಾನೇ ಟಿಕೆಟ್ ಕೊಂಡು ಗಿರಣಿ ಸಿನಿಮಾಕ್ಕೆ ಹೋದೆ. ಎಡಬಾಗಿಲಿನವಳು ಬ್ಯಾಟರಿಯ ಬೆಳಕು ಬಿಟ್ಟು "ಇಲ್ಲಿ ಬನ್ನಿ ಮೇಡಂ" ಎಂದು ಸೀಟು ತೋರಿಸಿದಳು, ಹಲ್ಲು ಕಿರಿಯುತ್ತಾ. ಕೊನೆಯವರೆಗೂ ಕೂತೆ. ರಕ್ತ ಕೊಡುವುದು ಶುದ್ಧ ಬೊಗಳೆ. ನೀನು ಬರೆದ ಕೊನೆ ಅದಕ್ಕಿಂತ ಎಷ್ಟೋ ಮೇಲು. ಆದರೂ ಅವನು "ಮಗಳೇ" ಎಂದಾಗ ನಾನು ಗಳಗಳನೆ ಅತ್ತುಬಿಟ್ಟೆ. ಏನು ಮಾಡಲಿ? ಬೊಗಳೆ ಎಂದು ಗೊತ್ತಿತ್ತು, ಅಳುವೂ ಬಂತು. ನಿನ್ನ ಯಾವ ಕಿರುಹೊತ್ತಗೆಯಲ್ಲಾದರೂ ಇದಕ್ಕೆ ವಿವರಣೆಯಿದ್ದರೆ ಹದಿನಾರನೆಯ ಪುಟದಿಂದಲೇ ಓದಿ ಹೇಳು.

ಸಿನಿಮಾದ ಕೊನೆಗಳನ್ನು ಇನ್ನು ನನಗೆ ಬರೆಯಬೇಡ. ಅಕ್ಟೋಬರಿನಲ್ಲಿ ನಾಲ್ಕು ದಿನ ರಜೆ ಸಿಕ್ಕಿದೆ. ನಿನ್ನಲ್ಲಿಗೆ ಬರಬೇಕೋ ಬೇಡವೋ, ಇನ್ನೂ ತೀರ್ಮಾನಿಸಿಲ್ಲ.

ಅಕ್ಕ

ಅಕ್ಟೋಬರ್ ೫

ಅಕ್ಕಾ,

ನೀನು ಬೈದದ್ದೆಲ್ಲ ಸರಿ. ಎರಡು ಸಲ ಓದಿದೆ. ವಾದ ಹುಡುಕಿದೆ, ಸಿಗಲಿಲ್ಲ. ಬೊಗಳೆಗೆ ಅಳು ಯಾಕೆ ಬರುತ್ತದೆ ಎಂಬುದಕ್ಕೂ ಉತ್ತರ ಎಲ್ಲಿಯೂ ಇಲ್ಲ. ನಾನೂ ಅತ್ತಿದ್ದೆ. ಅದನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ.

ನಿನ್ನೆ ಒಂದು ಸಿನಿಮಾಕ್ಕೆ ಹೋದೆ. ಅಕ್ಕಪಕ್ಕದ ಮನೆಯ ಇಬ್ಬರು ಮುದುಕರು, ನಡುವೆ ಒಂದು ಗೋಡೆ. ಒಬ್ಬರಿಗೆ ರೇಡಿಯೋ ಬೇಕು, ಇನ್ನೊಬ್ಬರಿಗೆ ನಿದ್ದೆ ಬೇಕು. ಅಷ್ಟೇ ಕಥೆ. ಹೊಡೆದಾಟವಿಲ್ಲ, ಕಾರಿನಲ್ಲಿ ಹಾಡಿಲ್ಲ. ಬೈಯಬೇಕೆಂದು ಪೆನ್ಸಿಲು ಹಿಡಿದು ಕೂತವಳು ಅದನ್ನು ಎಲ್ಲಿ ಬೀಳಿಸಿದೆನೋ ಗೊತ್ತಿಲ್ಲ. ರೇಡಿಯೋದ ಮುದುಕ ಒಂದು ಬೆಳಿಗ್ಗೆ ರೇಡಿಯೋ ಹಾಕುವುದಿಲ್ಲ. ಆಚೆಯವನು ಗೋಡೆಗೆ ಕಿವಿ ಹಚ್ಚುತ್ತಾನೆ. ಕಾಯುತ್ತಾನೆ. ಕೋಲು ಹಿಡಿದು ಬಾಗಿಲಿನ ಕಡೆ ಹೊರಡುತ್ತಾನೆ.

ನಾನು ಅಲ್ಲಿಗೆ ಎದ್ದುಬಿಟ್ಟೆ. ಇನ್ನೂ ಕಾಲು ಗಂಟೆ ಇತ್ತು. ಸಾಲಿನವರೆಲ್ಲ ಮಂಡಿ ಸರಿಸುತ್ತಾ ಬೈದರು. ಒಬ್ಬ ಹೆಂಗಸು ನನ್ನ ಕೈ ಹಿಡಿದೇ ಕೇಳಿದಳು: "ಈಗ ಹೋಗ್ತೀಯೇನಮ್ಮಾ? ತಲೆ ನೆಟ್ಟಗಿದ್ಯಾ?"

ಹೊರಗೆ ಗೇಟಿನಲ್ಲಿ ನಿನ್ನಂಥದೇ ಕೆಲಸದವನೊಬ್ಬ, ದಪ್ಪ ಮೀಸೆಯವನು, ಸರಳಿಗೆ ಬೆನ್ನು ಕೊಟ್ಟು ನಿಂತಿದ್ದ.

"ಚೆನ್ನಾಗಿಲ್ವಾ?" ಎಂದ.

"ತುಂಬಾ ಚೆನ್ನಾಗಿದೆ."

"ಮತ್ತೆ ಎದ್ದು ಬಂದ್ರಿ?"

"ಕೊನೆ ನೋಡ್ಬಾರ್ದು ಅಂತ."

ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅವನ ಕಾಲು ನೋಡಿದೆ. ಸ್ಟೂಲಿರಲಿಲ್ಲ. ಬಾಯಿಯ ತುದಿಗೆ ಒಂದಿಡೀ ಕರಪತ್ರ ಬಂದಿತ್ತು, ನುಂಗಿಕೊಂಡೆ. ನಿಮ್ಮ ನಾಲ್ವರ ಕಥೆಯನ್ನು ನಡೆದ ಹಾಗೆ ಹೇಳಿದೆ. ನಾನು ಸುಳ್ಳು ಬರೆದದ್ದು, ಜನ ನಕ್ಕದ್ದು, ನೀನು ಅರ್ಧ ಎದ್ದದ್ದು, ದೊಡ್ಡಮ್ಮ ರಟ್ಟೆ ಹಿಡಿದದ್ದು. ಒಂದು ಮಾತೂ ತಿದ್ದಲಿಲ್ಲ. ಅವನು "ಸುಳ್ಳು ಹೇಳ್ತಿದೀರಿ, ಎಲ್ಲಾದ್ರೂ ಸಿನಿಮಾದಲ್ಲಿ ನೋಡಿರಬೇಕು" ಎಂದ. ಆಮೇಲೆ ಮೀಸೆ ಉಜ್ಜಿಕೊಂಡು, "ನಾವಿಲ್ಲಿ ಆರು ಜನ ಇದೀವಿ" ಎಂದ.

ಆ ಸಿನಿಮಾದ ಕೊನೆ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇನ್ನು ಎರಡು ವಾರ ಇರುತ್ತದಂತೆ. ಅಚ್ಚುಕೂಟದಲ್ಲಿ ಯಾರಾದರೂ ಅದರ ಮಾತು ಎತ್ತಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದೇನೆ. ಮೇಸ್ತ್ರಿ ಡಾಕ್ಟರಿಗೆ ತೋರಿಸು ಎಂದಿದ್ದಾರೆ. ನೀನು ಬಂದರೆ ಮಧ್ಯದ ಸಾಲಿನಲ್ಲಿ, ಪಕ್ಕಪಕ್ಕ, ಎರಡು ಸೀಟು. ದೀಪ ಹತ್ತುವವರೆಗೂ ನಾನು ಬಾಯಿ ತೆರೆಯುವುದಿಲ್ಲ.

ನಾವು ಹೊರಗೆ ಹೀಗೆ ಮಾತಾಡುತ್ತಿದ್ದಾಗ ಒಳಗೆ ಎಲ್ಲರೂ ಒಮ್ಮೆಲೇ ನಕ್ಕರು. ಗೋಡೆ ನಡುಗುವ ಹಾಗೆ. ಮೀಸೆಯವನೂ ನಾನೂ ಮುಖ ಮುಖ ನೋಡಿಕೊಂಡೆವು. ಯಾಕೆ ನಕ್ಕರೋ, ಆ ಮುದುಕ ಏನಂದನೋ! ಬೇಗ ಬಾ ಅಕ್ಕಾ, ನನಗೆ ತಡೆಯಲಾಗುತ್ತಿಲ್ಲ.

ದಾರಿ ನೋಡುತ್ತಿರುವ,
ತಂಗಿ